ಒತ್ತಿನವನ ಮಗಳು

ವಿನೋದಾಳ ಕೈಗೆ ಓಬೋ ಬಂದದ್ದು ಮಗಳು ಅದನ್ನು ಒಲ್ಲೆ ಅಂದದ್ದರಿಂದ. ನಿಖಿತಾಳ ಶಾಲೆಯಲ್ಲಿ ಏಳನೇ ಕ್ಲಾಸಿನ ಮಕ್ಕಳೆಲ್ಲ ಬ್ಯಾಂಡಿಗೆ ಸೇರಲೇಬೇಕೆಂಬ ಪದ್ಧತಿ. ಫ್ಲೂಟು, ಕ್ಲಾರಿನೆಟ್ಟು, ಡ್ರಮ್ಮು ಎಲ್ಲ ಗಟ್ಟಿ ಬಾಯಿಯ ಮಕ್ಕಳ ಪಾಲಾಗಿ, ಕೇಳಲು ನಾಚಿಕೊಂಡು ನಿಂತ ಈ ಹುಡುಗಿಗೆ ಉಳಿದದ್ದು ಮೊಳದ ಮೇಲೊಂದು ಗೇಣು ಉದ್ದದ ಕಪ್ಪು ಕೊಳವೆ. ಅದರ ಮೇಲ್ತುದಿಯಲ್ಲಿ ಎರಡು ತೆಳು ಎಸಳು ಸೇರಿಸಿ ದಾರ ಸುತ್ತಿದ ರೀಡು; ಅದನ್ನು ತುಟಿಗಳ ನಡುವೆ ಒತ್ತಿ ಹಿಡಿದು ಊದಬೇಕು. ನಿಖಿತಾ ಒಂದು ವರ್ಷ ಊದಿದಳು. ಬಾತುಕೋಳಿಯ ಕತ್ತು ಹಿಸುಕಿದಂಥ ಸದ್ದಲ್ಲದೆ ಇನ್ನೇನೂ ಬರಲಿಲ್ಲ. "ಮಮ್, ಐ ಆಮ್ ಡನ್ ವಿತ್ ದಿಸ್ ಥಿಂಗ್" ಎಂದು ಸೋಫಾದ ಮೇಲೆ ಎಸೆದು ನೆಟ್‌ಬಾಲ್ ಆಡಲು ಹೋದಳು.

ಶಾಲೆಗೆ ವಾಪಸು ಕೊಡುವ ಮುಂಚೆ ಒರೆಸಿಡೋಣವೆಂದು ವಿನೋದಾ ಅದನ್ನು ಕೈಗೆತ್ತಿಕೊಂಡಳು. ಒರೆಸಿದಳು. ಆಮೇಲೆ ಏನು ತಿಳಿಯಿತೋ, ಮನೆಯಲ್ಲಿ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು ಬಾಯಿಗಿಟ್ಟು ಊದಿದಳು. ಮೊದಲ ಸಲಕ್ಕೇ ಸ್ವರ ಬಂತು. ತುಂಬು ಸ್ವರ, ವೆಸ್ಟ್‌ಮೀಡಿನ ಆ ಬಾಡಿಗೆ ಫ್ಲ್ಯಾಟಿನ ಕಿಟಕಿ ಗಾಜು ಗುಂಯ್ ಅನ್ನುವಂಥದ್ದು. ಅವಳಿಗೆ ಖುಷಿಯಾಗಬೇಕಿತ್ತು. ಆದರೆ ಮೈಯೆಲ್ಲ ಬಿಸಿಯಾಗಿ, ಕದ್ದು ಸಿಕ್ಕಿಬಿದ್ದವಳಂತೆ ಕೊಳವೆಯನ್ನು ಕುಶನ್ನಿನ ಅಡಿಗೆ ತುರುಕಿದಳು. ಯಾಕೆಂದರೆ ಆ ಸದ್ದು ಅವಳಿಗೆ ಗೊತ್ತಿತ್ತು. ಆ ಸದ್ದಿನಿಂದ ದೂರ ಹೋಗಬೇಕೆಂದೇ ಅವಳು ಓದಿದ್ದು, ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವ ಕೆಲಸ ಕಲಿತದ್ದು, ಕೊನೆಗೆ ಗಂಡನ ಜೊತೆ ಸಮುದ್ರ ದಾಟಿ ಸಿಡ್ನಿಗೆ ಬಂದದ್ದು.

ಅಂಥದ್ದೇನಪ್ಪಾ ಸದ್ದು ಅನ್ನುತ್ತೀರಾ? ಹೇಳಲೇಬೇಕು.

ವಿನೋದಾಳದು ಉಡುಪಿ ಕಡೆಯ ಸೇರಿಗಾರರ ಮನೆ. ಅಲ್ಲಿ ಸೇರಿಗಾರರೆಂದರೆ ವಾದ್ಯದವರು. ದೇವಸ್ಥಾನದಲ್ಲಿ, ಮದುವೆಯಲ್ಲಿ ನಾಗಸ್ವರ, ಡೋಲು ನುಡಿಸುವವರು. "ಸೇರಿಗಾರರಿಗೆ ಹೇಳಿ ಆಯ್ತಾ?" ಎಂದು ಮದುವೆಮನೆಯಲ್ಲಿ ಒಬ್ಬರನ್ನೊಬ್ಬರು ಕೇಳಿಕೊಂಡರೆ ವಾಲಗದ ಏರ್ಪಾಡಾಯಿತೇ ಎಂದೇ ಅರ್ಥ. ಅಜ್ಜ, ಮುತ್ತಜ್ಜ, ಅವನ ಅಪ್ಪ ಎಲ್ಲರೂ ಅದನ್ನೇ ಮಾಡಿದವರು. ದೊಡ್ಡಪ್ಪ ಸಂಜೀವ ಸೇರಿಗಾರ ನಾಗಸ್ವರ ಬಾಯಿಗಿಟ್ಟರೆ ಪಂಕ್ತಿಯಲ್ಲಿ ಉಣ್ಣುತ್ತಿದ್ದವರ ಕೈ ಎಲೆಯ ಮೇಲೇ ನಿಲ್ಲುತ್ತಿತ್ತು. ಶಾಲು, ಹಾರ, ಪೇಪರಿನಲ್ಲಿ ಫೋಟೋ ಎಲ್ಲ ದೊಡ್ಡಪ್ಪನಿಗೆ.

ಅವಳ ಅಪ್ಪ ಕಮಲಾಕ್ಷ ಒತ್ತಿನವ.

ಒತ್ತು ಕೂಡ ನಾಗಸ್ವರದಂಥದ್ದೇ ಉದ್ದ ಕೊಳವೆ, ಆದರೆ ಅದರಲ್ಲಿ ಇರುವುದು ಒಂದೇ ಸ್ವರ. ಮುಖ್ಯ ವಾದಕನಿಗೆ ಶ್ರುತಿ ತಪ್ಪದ ಹಾಗೆ ಪಕ್ಕದಲ್ಲಿ ನಿಂತು ಅದೊಂದನ್ನೇ ಪೋಂ ಎಂದು ಊದುತ್ತಾ ಇರಬೇಕು. ನಾಗಸ್ವರದವನು ನಡುವೆ ನಿಲ್ಲಿಸುತ್ತಾನೆ, ಬೆವರು ಒರೆಸಿಕೊಳ್ಳುತ್ತಾನೆ, ಡೋಲಿನವನಿಗೆ ಬಿಟ್ಟುಕೊಟ್ಟು ನೀರು ಕುಡಿಯುತ್ತಾನೆ. ಒತ್ತಿನವನು ನಿಲ್ಲಿಸುವಂತಿಲ್ಲ. ಕೆನ್ನೆಯಲ್ಲಿ ಗಾಳಿ ಕೂಡಿಟ್ಟು, ಅದನ್ನು ಊದುತ್ತಲೇ ಮೂಗಿನಿಂದ ಹೊಸ ಉಸಿರು ಎಳೆದುಕೊಳ್ಳಬೇಕು. ಸ್ವರ ಎಲ್ಲೂ ಕಡಿಯಬಾರದು. ಕಮಲಾಕ್ಷನ ಒತ್ತು ಕಡಿದದ್ದನ್ನು ಕೇಳಿದವರಿಲ್ಲ. ಹಾಗೆಂದು ಅದನ್ನು ಮನಸ್ಸಿಟ್ಟು ಕೇಳಿದವರೂ ಇಲ್ಲ. ಕಡಿದರೆ ಮಾತ್ರ ಕಿವಿಗೆ ಬೀಳುವ ಕೆಲಸ ಅದು.

ಊರಿನಲ್ಲಿ ಮದುವೆಯಾದ ಮರುದಿನ ಶಾಲೆಯ ಹುಡುಗಿಯರು ವಿನೋದಾಳ ಮುಂದೆ ಬಂದು ಕೆನ್ನೆ ಉಬ್ಬಿಸಿ, ಕಣ್ಣು ಹೊರಗೆ ಬಿಟ್ಟು, "ಪೋಂ" ಅನ್ನುತ್ತಿದ್ದರು. ದೊಡ್ಡಪ್ಪನ ಮಗಳೂ ಅದೇ ಕ್ಲಾಸಿನಲ್ಲಿದ್ದಳು. ಅವಳ ಮುಂದೆ ಯಾರೂ ಏನೂ ಅನ್ನುತ್ತಿರಲಿಲ್ಲ. ಅವಳ ಅಪ್ಪನದು ಕಲೆ, ಇವಳ ಅಪ್ಪನದು ನಗೆಪಾಟಲು. ಒಂದು ಸಂಜೆ ವಿನೋದಾ ಅಳುತ್ತಾ ಬಂದು, ನೀವೂ ದೊಡ್ಡಪ್ಪನ ಹಾಗೆ ನುಡಿಸಬಾರದಾ ಎಂದು ಕೇಳಿದಳು. ಅಪ್ಪ ಅಂಗಿ ಕಳಚಿ ಹಗ್ಗಕ್ಕೆ ಹಾಕುತ್ತಿದ್ದ. "ಇಬ್ಬರೂ ನುಡಿಸಿದ್ರೆ ಹಿಡ್ಕೊಳ್ಳುವುದು ಯಾರು ಮಾರಾಯ್ತಿ?" ಎಂದು ನಕ್ಕ. ಅವಳಿಗೆ ನಗು ಬರಲಿಲ್ಲ. ಈ ಮನುಷ್ಯನಿಗೆ ಮಾನವೇ ಇಲ್ಲವಲ್ಲ ಅಂದುಕೊಂಡಳು.

ಆಮೇಲೆ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ ಬಂತು. ಟಿಫಿನ್ ಡಬ್ಬಿಯಷ್ಟಿದ್ದ ಅದು ಅಪ್ಪನ ಕೆಲಸವನ್ನು ಒಂದು ಗುಂಡಿ ಒತ್ತಿದರೆ ಮಾಡುತ್ತಿತ್ತು. ಊಟವನ್ನೂ ಕೇಳುವುದಿಲ್ಲ. ದೊಡ್ಡಪ್ಪ ತಮ್ಮನನ್ನು ಕೈಬಿಡಲಾರದೆ ಒಂದಷ್ಟು ಕಾಲ ತಾಳ ಹಾಕಲು ಕರೆದುಕೊಂಡು ಹೋದ. ಆಮೇಲೆ ಅಪ್ಪ ಗೋಡಂಬಿ ಕಾರ್ಖಾನೆಯಲ್ಲಿ ಕಾವಲಿಗೆ ಸೇರಿದ. ವಿನೋದಾ ಆಗ ಕಾಲೇಜಿನಲ್ಲಿದ್ದಳು. ಅಪ್ಪ ಏನು ಮಾಡುತ್ತಾರೆ ಎಂದು ಯಾರಾದರೂ ಕೇಳಿದರೆ "ಕ್ಯಾಶ್ಯೂ ಫ್ಯಾಕ್ಟರಿಯಲ್ಲಿದ್ದಾರೆ" ಎಂದು ಹೇಳಲು ಸಿಕ್ಕಿತಲ್ಲ, ಅದೇ ಅವಳಿಗೊಂದು ನೆಮ್ಮದಿ.

ಪಾಸ್‌ಪೋರ್ಟ್ ಮಾಡಿಸುವಾಗ ಸೇರಿಗಾರ ಎಂಬ ಹೆಸರನ್ನು ಬಿಟ್ಟೇಬಿಟ್ಟಳು. ಸಿಡ್ನಿಯಲ್ಲಿ ತುಳುವರು ಸೇರಿದಲ್ಲಿ ಎರಡು ಮಾತಾದ ಮೇಲೆ ಒಂದು ಪ್ರಶ್ನೆ ಬಂದೇ ಬರುತ್ತದೆ: "ಊರಲ್ಲಿ ನಿಮ್ಮದು ಯಾವ ಮನೆ?" ಮನೆಯ ಹೆಸರು ಹೇಳಿದರೆ ಕುಲ, ಕಸುಬು, ಯಾರು ಯಾರ ಅಂಗಳದಲ್ಲಿ ನಿಲ್ಲುತ್ತಿದ್ದರು ಎಲ್ಲ ಹೊರಗೆ ಬರುತ್ತದೆ. "ಉಡುಪಿ ಕಡೆ. ನೀವು ಇನ್ನೆರಡು ಪುಂಡಿ ಹಾಕಿಸ್ಕೊಳ್ಳಿ, ಆಂಟಿ" ಎಂದು ವಿನೋದಾ ಅಕ್ಕಿ ಕಡುಬಿನ ಪಾತ್ರೆ ಮುಂದೆ ಹಿಡಿಯುತ್ತಿದ್ದಳು. ಬಡಿಸುವುದರಲ್ಲಿ ಅವಳಷ್ಟು ಚುರುಕು ಯಾರೂ ಇಲ್ಲವೆಂದು ಎಲ್ಲರೂ ಹೊಗಳುತ್ತಿದ್ದರು.

ಇಂಥವಳು ಕುಶನ್ನಿನ ಅಡಿಯಿಂದ ಆ ಕೊಳವೆಯನ್ನು ಮತ್ತೆ ಹೊರತೆಗೆದಳು. ಯಾಕೆ ಅಂದರೆ ಅವಳಿಗೂ ಗೊತ್ತಿಲ್ಲ. ಊರಿನಲ್ಲಿ ಹೆಣ್ಣುಮಕ್ಕಳು ನಾಗಸ್ವರ ಮುಟ್ಟುತ್ತಿರಲಿಲ್ಲ, ಇಲ್ಲಿ ಕೇಳುವವರಿರಲಿಲ್ಲ. ಜೊತೆಗೆ ಇದರ ಹೆಸರು ಓಬೋ. ಪೋಂ ಎಂದು ಊದಿದರೂ ಓಬೋ ಓಬೋವೇ. ಶಾಲೆಯದನ್ನು ವಾಪಸು ಕೊಟ್ಟು, ಹಳೆಯದೊಂದನ್ನು ಕೊಂಡು, ಪ್ಯಾರಮಟ್ಟಾದಲ್ಲಿ ಒಬ್ಬ ಮೇಷ್ಟ್ರನ್ನು ಹುಡುಕಿದಳು. ಲ್ಯಾಬಿನ ಪಾಳಿ ಮುಗಿಸಿ ಬಂದು, ಅನ್ನಕ್ಕಿಟ್ಟು, ಬಾತ್‌ರೂಮಿನ ಬಾಗಿಲು ಹಾಕಿಕೊಂಡು ಊದುತ್ತಿದ್ದಳು. ಗಂಡ ಇಂದ್ರೇಶ್ ಮ್ಯಾಕ್ವೆರಿ ಪಾರ್ಕಿನ ಆಫೀಸಿನಿಂದ ಬಂದವನು, "ಒಳಗೆ ಯಾರಿಗೆ ಮದುವೆ?" ಎಂದು ತಮಾಷೆ ಮಾಡಿದಾಗ ಎರಡು ದಿನ ಅವನೊಡನೆ ಮಾತು ಬಿಟ್ಟಳು. ಅವನಿಗೆ ಇವತ್ತಿಗೂ ಯಾಕೆಂದು ಗೊತ್ತಿಲ್ಲ, ಪಾಪ.

ಕೆಲವು ವರ್ಷಗಳಲ್ಲಿ ಅವಳ ಕೈ ಕುದುರಿತು. ಹೆಲೆನ್ ಎಂಬ ನಿವೃತ್ತ ಸಂಗೀತ ಟೀಚರ್ ಕಟ್ಟಿಕೊಂಡಿದ್ದ ಒಂದು ಸಣ್ಣ ಗುಂಪಿಗೆ ಸೇರಿದಳು. ಎಲ್ಲರೂ ಬೇರೆ ಬೇರೆ ನೌಕರಿಯವರು, ಸಂಗೀತ ಅವರ ಭಾನುವಾರದ ಹುಚ್ಚು. ಮುನ್ನೂರು ವರ್ಷದಷ್ಟು ಹಿಂದಿನ ಯುರೋಪಿನ ಸಂಗೀತವೆಂದರೆ, ಅದನ್ನು ಬರೋಕ್ ಅನ್ನುತ್ತಾರೆ, ಹೆಲೆನ್‌ಗೆ ಪ್ರಾಣ. ಹೋದ ವರ್ಷ ಅವಳು ಹೊಸದೊಂದು ಯೋಜನೆ ತಂದಳು: ಬಾಖ್ ಮನೆತನದ ಸಂಗೀತ. ಒಬ್ಬನದಲ್ಲ, ಇಡೀ ವಂಶದ್ದು. ಅಜ್ಜನ ಕಾಲದವರು, ಚಿಕ್ಕಪ್ಪ ದೊಡ್ಡಪ್ಪಂದಿರು, ಲೋಕವೆಲ್ಲ ಹೆಸರು ಕೇಳಿರುವ ಆ ಒಬ್ಬ, ಆಮೇಲೆ ಅವನ ಮಕ್ಕಳು. ಮೊದಲು ಸಿಡ್ನಿಯಲ್ಲಿ ಒಂದು ಕಚೇರಿ, ಎರಡು ವಾರದ ನಂತರ ಮೆಲ್ಬರ್ನಿನಲ್ಲಿ ಒಂದು.

ಅಭ್ಯಾಸದ ನಡುವೆ ಚಹಾ ಕುಡಿಯುವಾಗ ಹೆಲೆನ್ ಕಥೆ ಹೇಳುತ್ತಿದ್ದಳು. ಆ ವಂಶದ ಮೂಲಪುರುಷ ಬ್ರೆಡ್ ಮಾಡುವವನಂತೆ; ಹಿಟ್ಟಿನ ಗಿರಣಿಗೆ ಹೋಗುವಾಗ ತಂತಿವಾದ್ಯ ಒಯ್ದು, ಗಿರಣಿಯ ಸದ್ದಿಗೆ ತಾಳ ಹೊಂದಿಸಿ ನುಡಿಸುತ್ತಿದ್ದನಂತೆ. ಜರ್ಮನಿಯ ಒಂದು ಊರಿನಲ್ಲಿ ಈ ಮನೆಯವರು ಎಷ್ಟು ತಲೆಮಾರು ಊರ ವಾದ್ಯದವರಾಗಿದ್ದರೆಂದರೆ, ಆಮೇಲೆ ಬೇರೆ ಯಾರು ನುಡಿಸಿದರೂ ಜನ ಅವರನ್ನು ಬಾಖ್‌ಗಳು ಎಂದೇ ಕರೆಯುತ್ತಿದ್ದರಂತೆ. "ಎಂಥ ಗೌರವ ಅಲ್ಲವೇ?" ಎಂದಳು ಹೆಲೆನ್. ವಿನೋದಾಳ ಕೈಯ ಬಿಸ್ಕತ್ತು ಚಹಾದಲ್ಲಿ ಕರಗಿ ಬಿತ್ತು. ಸೇರಿಗಾರರಿಗೆ ಹೇಳಿ ಆಯ್ತಾ? ಅದೇ ಮಾತು. ಇವರು ಅದಕ್ಕೆ ಗೌರವ ಅನ್ನುತ್ತಿದ್ದಾರೆ.

"ನಿಮ್ಮಲ್ಲಿ ಯಾರ ಮನೆಯಲ್ಲಿ ಸಂಗೀತವಿತ್ತು?" ಎಂದು ಹೆಲೆನ್ ಸುತ್ತ ನೋಡಿದಳು. ಒಬ್ಬರು ಅಜ್ಜಿ ಚರ್ಚಿನಲ್ಲಿ ಆರ್ಗನ್ ನುಡಿಸುತ್ತಿದ್ದಳು ಎಂದರು. ಇನ್ನೊಬ್ಬರದು ಗಣಿ ಕಾರ್ಮಿಕರ ಬ್ಯಾಂಡಿನಲ್ಲಿದ್ದ ಅಪ್ಪ. ಅಷ್ಟು ವರ್ಷ ಬಿಗಿದು ಕಟ್ಟಿದ್ದ ಬಾಯಿ ಆಗ ತಾನಾಗಿಯೇ ತೆರೆದುಕೊಂಡಿತು. ತಮ್ಮದು ವಂಶಪಾರಂಪರ್ಯವಾಗಿ ದೇವಸ್ಥಾನದ ವಾದ್ಯದವರ ಮನೆ, ಓಬೋದ ಹಾಗೆಯೇ ಜೋಡಿ ರೀಡಿನ ವಾದ್ಯ ತಮ್ಮದೂ ಎಂದು ವಿನೋದಾ ಹೇಳಿದಳು. ಎಲ್ಲರ ಚಹಾ ಲೋಟಗಳೂ ಗಾಳಿಯಲ್ಲಿ ನಿಂತವು. ಹೆಲೆನ್ ಎದೆಯ ಮೇಲೆ ಕೈಯಿಟ್ಟುಕೊಂಡು ಕೇಳಿದಳು: "ಮತ್ತೆ ನಿನ್ನ ತಂದೆ?"

ಇಲ್ಲಿ ನಿಜ ಹೇಳಿದ್ದರೆ ಮುಗಿದುಹೋಗುತ್ತಿತ್ತು. ಶ್ರುತಿಯ ಒಂದೇ ಸ್ವರ ಹಿಡಿಯುವುದಕ್ಕೆ ಇಂಗ್ಲಿಷಿನಲ್ಲಿ ಡ್ರೋನ್ ಎಂಬ ಮಾತಿದೆ, ಕೂತವರೆಲ್ಲ ಸಂಗೀತ ಬಲ್ಲವರು, ಒಂದು ಕ್ಷಣದಲ್ಲಿ ಅರ್ಥವಾಗುತ್ತಿತ್ತು. ಆದರೆ ವಿನೋದಾಳ ಕಣ್ಣಿಗೆ ಬಂದದ್ದು ಉಬ್ಬಿದ ಕೆನ್ನೆಗಳ ಆ ಹುಡುಗಿಯರು. "ಲೀಡ್ ಪ್ಲೇಯರ್" ಎಂದಳು. "ಇಡೀ ಜಿಲ್ಲೆಯಲ್ಲೇ ಹೆಸರಿತ್ತು." ದೊಡ್ಡಪ್ಪನ ಶಾಲು, ಹಾರ, ಫೋಟೋ ಎಲ್ಲ ತೆಗೆದು ಅಪ್ಪನಿಗೆ ತೊಡಿಸಿದಳು. ದೊಡ್ಡಪ್ಪ ಎಂಬವನೊಬ್ಬ ಇದ್ದ ಎಂದು ಕೂಡ ಹೇಳಲಿಲ್ಲ.

ಸಿಡ್ನಿಯ ಕಚೇರಿ ಚೆನ್ನಾಗಿ ಆಯಿತು. ಹೆಲೆನ್ ವೇದಿಕೆಯಿಂದ ಜರ್ಮನಿಯ ಆ ಮನೆತನದ ಜೊತೆಗೆ ಉಡುಪಿಯ ಈ ಮನೆತನವನ್ನೂ ವರ್ಣಿಸಿದಳು. ಹ್ಯಾಂಡ್‌ಬಿಲ್ಲಿನಲ್ಲಿ ಹೆಸರು ವಿನೋದಾ ಸೇರಿಗಾರ್ ಎಂದಿತ್ತು. ಹಾಗೇ ಹಾಕಿ ಎಂದು ಅವಳೇ ಹೇಳಿದ್ದಳು. ಪಾಸ್‌ಪೋರ್ಟಿಗೆ ಬೇಡವಾದದ್ದು ಹ್ಯಾಂಡ್‌ಬಿಲ್ಲಿಗೆ ಬೇಕಾಯಿತು ನೋಡಿ. ಮುಗಿದ ಮೇಲೆ ಗೊತ್ತಿಲ್ಲದ ಜನ ಬಂದು ಕೈ ಹಿಡಿದುಕೊಂಡರು. ಆ ರಾತ್ರಿ ಅವಳು ಕನ್ನಡಿಯ ಮುಂದೆ ಸ್ವಲ್ಪ ಹೆಚ್ಚೇ ಹೊತ್ತು ನಿಂತಳು.

ಮೆಲ್ಬರ್ನಿನ ವಿಷಯ ಹಾಗಿರಲಿಲ್ಲ. ಅಲ್ಲಿ ಕ್ಲೇಟನ್ನಿನಲ್ಲಿ ತಮ್ಮ ರಿತೇಶ್ ಇದ್ದ, ಮತ್ತು ಆರು ತಿಂಗಳ ವೀಸಾದ ಮೇಲೆ ಬಂದ ಅಪ್ಪ ಅವನ ಮನೆಯಲ್ಲಿದ್ದ. ವಿನೋದಾ ಮುಂಚೆಯೇ ಫೋನ್ ಮಾಡಿದಳು.

"ಅಪ್ಪನನ್ನು ಕರ್ಕೊಂಡು ಬರ್ಬೇಡ ರಿತೇಶ. ಎರಡು ಗಂಟೆ ಕೂತ್ಕೊಂಡು ಬೋರ್ ಆಗ್ತದೆ ಅವರಿಗೆ."

"ಇಡೀ ರಾತ್ರಿ ನಿಂತುಕೊಂಡು ಊದಿದವರಿಗೆ ಎರಡು ಗಂಟೆ ಕೂತ್ರೆ ಬೋರ್ ಎಂತದ್ದಕ್ಕೆ ಅಕ್ಕ? ಅವರು ಪಂಚೆ ಇಸ್ತ್ರಿ ಮಾಡಿ ಇಟ್ಟು ಆಯ್ತು."

ಕಚೇರಿ ನಡೆದದ್ದು ಭಾನುವಾರ ಮಧ್ಯಾಹ್ನ, ಒಂದು ಹಳೆಯ ಚರ್ಚಿನಲ್ಲಿ. ಕಮಲಾಕ್ಷ ಜರಿ ಅಂಚಿನ ಪಂಚೆಯುಟ್ಟು, ಬಿಳಿ ಅಂಗಿಯ ಮೇಲೆ ಮಗನ ಸ್ವೆಟರು ತೊಟ್ಟು, ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದ. ದೇವರಿರುವ ಜಾಗ ಅಲ್ಲವೇ. ರಿತೇಶ್ ಮತ್ತು ಅವನ ಮಗಳು, ಮೂರನೇ ಕ್ಲಾಸಿನ ಸಾನ್ವಿ, ಮುಂದಿನ ಬೆಂಚಿನಲ್ಲಿ ಜಾಗ ಹಿಡಿದರೂ ಅವನು ಹಿಂದೆ ಕಂಬದ ಪಕ್ಕ ನಿಂತ. ಸಂಗೀತ ನಡೆಯುವಾಗ ಕೂತು ಅವನಿಗೆ ಅಭ್ಯಾಸವೇ ಇರಲಿಲ್ಲ. ವೇದಿಕೆಯಿಂದ ವಿನೋದಾಳಿಗೆ ಮೊದಲು ಕಂಡದ್ದು ಆ ಪಂಚೆ. ಹೆಲೆನ್‌ಗೂ ಕಂಡಿತು. ಕಾಣದೆ ಇರುತ್ತದೆಯೇ?

ಮೊದಲ ಭಾಗ ಮುಗಿದಾಗ ಹೆಲೆನ್ ಮೈಕ್ ಹಿಡಿದು ಉಡುಪಿಯ ಮನೆತನದ ಕಥೆ ಹೇಳಿದಳು. ಇವತ್ತು ನಮ್ಮ ಅದೃಷ್ಟ, ಆ ಮಹಾನ್ ವಾದಕರೇ ನಮ್ಮ ನಡುವೆ ಇದ್ದಾರೆ ಎಂದು ಕಂಬದ ಕಡೆ ಕೈ ತೋರಿಸಿದಳು. ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ಕಮಲಾಕ್ಷ ಹಿಂದೆ ತಿರುಗಿ, ಯಾರು ಬಂದರೆಂದು ನೋಡಿದ. ರಿತೇಶ್ ಹೋಗಿ ಕೈ ಹಿಡಿದು ಮುಂದೆ ಕರೆದುಕೊಂಡು ಬರಬೇಕಾಯಿತು. ತಂದೆಯ ಮಾತನ್ನು ವಿನೋದಾ ನಮಗೆ ಇಂಗ್ಲಿಷಿನಲ್ಲಿ ಹೇಳುತ್ತಾಳೆ ಎಂದಳು ಹೆಲೆನ್. ಆಮೇಲೆ, ಮಗಳ ಓಬೋದಲ್ಲೇ ಆಗಲಿ, ಎರಡು ಸಾಲು ನುಡಿಸಿ ತೋರಿಸುವಿರಾ ಎಂದು ಬಹಳ ವಿನಯದಿಂದ ಕೇಳಿದಳು.

"ಎಂತ ಹೇಳ್ತಾ ಇದ್ದಾರೆ?" ಎಂದು ಅಪ್ಪ ಮಗಳ ಕಡೆ ಬಾಗಿದ.

"ನಿಮ್ಮದು ಎರಡು ಮಾತು ಆಗ್ಬೇಕಂತೆ. ಮತ್ತೆ... ನುಡಿಸಿ ತೋರಿಸ್ಲಿಕ್ಕೆ ಆಗ್ತದಾ ಅಂತ ಕೇಳ್ತಾ ಇದ್ದಾರೆ. ನೀವು ಥ್ಯಾಂಕ್ಸ್ ಹೇಳಿ ಕೂತ್ಕೊಳ್ಳಿ, ಸಾಕು."

ಮನೆಯಲ್ಲಿ ಅವರ ಮಾತು ತುಳು. ತುಳುವಿನಲ್ಲೇ ಹೇಳಿದ್ದರೆ ಆ ಚರ್ಚಿನಲ್ಲಿ ಮನೆಯವರನ್ನು ಬಿಟ್ಟು ಇನ್ನೊಬ್ಬರಿಗೆ ತಿಳಿಯುತ್ತಿರಲಿಲ್ಲ. ಆದರೆ ಕಮಲಾಕ್ಷನ ಮಟ್ಟಿಗೆ ಸಭೆಯೆಂದರೆ ಕನ್ನಡ. ಮೈಕಿನ ಮುಂದೆ ತುಳು ಮಾತಾಡುವುದು ಮರ್ಯಾದೆಯಲ್ಲ. ಗಂಟಲು ಸರಿಮಾಡಿಕೊಂಡು, ಒಂದೊಂದೇ ಮಾತು ಬಿಡಿಸಿ ಹೇಳಿದ:

"ಸಭೆಗೆ ನಮಸ್ಕಾರ. ನಾನು ಒತ್ತಿನವ. ನುಡಿಸ್ತಾ ಇದ್ದದ್ದು ನಮ್ಮ ಅಣ್ಣ, ಸಂಜೀವ ಸೇರಿಗಾರರು. ನಾನು ಅವರ ಪಕ್ಕದಲ್ಲಿ ನಿಂತು ಒಂದೇ ಸ್ವರ ಹಿಡ್ಕೊಳ್ತಾ ಇದ್ದೆ, ಅಷ್ಟೇ ನನ್ನ ಕೆಲಸ. ಈ ಅಮ್ಮ ನನ್ನನ್ನು ದೊಡ್ಡ ವಿದ್ವಾನ ಅಂತ ಹೇಳಿದ್ರು ಅಂತ ಕಾಣ್ತದೆ. ಅದು ಹಾಗಲ್ಲ. ಅಣ್ಣನ ಹೆಸರು ನಾನು ಹೊತ್ಕೊಂಡ್ರೆ ತಪ್ಪಾಗ್ತದೆ."

ಮಾತು ಮುಗಿಸಿ ಮೈಕನ್ನು ಮಗಳ ಕೈಗೆ ಕೊಟ್ಟ. ಇಡೀ ಚರ್ಚು ಅವಳ ಬಾಯಿಯನ್ನೇ ನೋಡುತ್ತಿತ್ತು. ಹೆಲೆನ್ ತಲೆ ಓರೆ ಮಾಡಿ, ಕಣ್ಣರಳಿಸಿ ಕಾಯುತ್ತಿದ್ದಳು. ಸಿಡ್ನಿಯಲ್ಲಿ ಕೈ ಹಿಡಿದುಕೊಂಡ ಅಷ್ಟೂ ಜನ ವಿನೋದಾಳ ಕಣ್ಣ ಮುಂದೆ ಬಂದರು. ಅಪ್ಪ ನಿಜ ಹೇಳಿಯಾಗಿತ್ತು. ಅವಳು ಅದನ್ನು ಇನ್ನೊಂದು ಭಾಷೆಗೆ ದಾಟಿಸಿದ್ದರೆ ಸಾಕಿತ್ತು. ದಾಟಿಸಲಿಲ್ಲ.

ನಮ್ಮ ತಂದೆ ನಿಮಗೆಲ್ಲ ಥ್ಯಾಂಕ್ಸ್ ಹೇಳುತ್ತಿದ್ದಾರೆ ಎಂದು ಇಂಗ್ಲಿಷಿನಲ್ಲಿ ಶುರು ಮಾಡಿದಳು. ನುಡಿಸಿ ತೋರಿಸಬೇಕೆಂದು ಅವರಿಗೂ ಆಸೆಯಿದೆ, ಆದರೆ ಈಗ ಆಗುವುದಿಲ್ಲ ಎಂದಳು. ಯಾಕೆ ಆಗುವುದಿಲ್ಲ ಎಂದು ಹೇಳಲು ಒಂದು ಕಾರಣ ಬೇಕಲ್ಲ. ಬಾಯಿಗೆ ಬಂದದ್ದನ್ನು ಅಂದುಬಿಟ್ಟಳು: "ಹಿ ಹ್ಯಾಸ್ ನೋ ಬ್ರೆತ್ ಲೆಫ್ಟ್."

ಕಮಲಾಕ್ಷನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ, ನಿಜ. ಆದರೆ ಅವನು ವಾರವಾರ ಸಾನ್ವಿಯ ಈಜಿನ ಕ್ಲಾಸಿಗೆ ಹೋಗಿ ಕೂರುತ್ತಿದ್ದ. ಅಲ್ಲಿ ಕಲಿಸುವ ಹುಡುಗಿ ನೀರಿನ ಅಂಚಿನಲ್ಲಿ ನಿಂತು "ಬ್ರೆತ್, ಬಿಗ್ ಬ್ರೆತ್" ಎಂದು ಕೂಗಿ, ಮೂಗಿನಿಂದ ಗಾಳಿ ಎಳೆದು ತೋರಿಸುತ್ತಿದ್ದಳು. ಆ ಮಾತು ಅವನಿಗೆ ಗೊತ್ತಿತ್ತು. ನೋ ಅನ್ನುವುದೂ ಗೊತ್ತಿತ್ತು. ಅವನು ತಿರುಗಿ ಮಗಳ ಮುಖ ನೋಡಿದ. ವಿನೋದಾ ಮೈಕಿನ ತಂತಿಯನ್ನು ನೋಡುತ್ತಿದ್ದಳು.

ಕಮಲಾಕ್ಷ ನಿಧಾನವಾಗಿ ಬಲಗೈಯನ್ನು ಎದೆಯ ಮೇಲಿಟ್ಟುಕೊಂಡ. ಆಮೇಲೆ ಕೆಮ್ಮಿದ.

ಮೊದಲು ಸಣ್ಣಗೆ, ಆಮೇಲೆ ಸ್ವಲ್ಪ ಜೋರಾಗಿ, ಭುಜ ಕುಗ್ಗಿಸಿಕೊಂಡು ಕೆಮ್ಮಿದ. ಅವನಿಗೆ ಕೆಮ್ಮೇ ಇರಲಿಲ್ಲ. ಬೀಡಿ ಸೇದಿದವನಲ್ಲ, ಊರಿನಲ್ಲಿ ಈಗಲೂ ಕೊಡಪಾನ ಹೊತ್ತು ಗುಡ್ಡ ಹತ್ತುವವನು. ಮುಂದಿನ ಸಾಲಿನಿಂದ ಒಬ್ಬ ಹೆಂಗಸು ನೀರಿನ ಲೋಟ ಹಿಡಿದು ಓಡಿ ಬಂದಳು. ಇನ್ನೊಬ್ಬರು ಕುರ್ಚಿ ತಂದರು. ಅಪ್ಪ ಅವರ ಕೈಯೂರಿಕೊಂಡು, ಮುದುಕರ ಹಾಗೆ, ಕುರ್ಚಿಯಲ್ಲಿ ಕೂತ. ಜನ ಮತ್ತೆ ಎದ್ದು ನಿಂತು, ಈ ಸಲ ಮೆಲ್ಲಗೆ, ಬಹಳ ಹೊತ್ತು ಚಪ್ಪಾಳೆ ತಟ್ಟಿದರು. ಕೆಲವರು ಕಣ್ಣೊರೆಸಿಕೊಂಡರು. ವಿನೋದಾಳಿಗೆ ನೆಲ ಬಾಯಿ ಬಿಟ್ಟು ನುಂಗಬಾರದೇ ಅನ್ನಿಸಿತು. ನೆಲ ಹಾಗೆಲ್ಲ ಕೇಳಿದಾಗ ಬಾಯಿ ಬಿಡುವುದಿಲ್ಲ.

ಎರಡನೇ ಭಾಗದಲ್ಲಿ ಅವಳದೇ ಮುಖ್ಯ ಪಾತ್ರ. ಅಪ್ಪ ಬಾಖ್ ಬರೆದ ಒಂದು ನಿಧಾನದ ಹಾಡು, ಆಮೇಲೆ ಮಗ ಬಾಖ್ ಬರೆದ ಒಂದು. ಉದ್ದುದ್ದ ಸಾಲುಗಳು, ಉಸಿರು ತೆಗೆದುಕೊಳ್ಳಲು ಜಾಗವೇ ಇರುವುದಿಲ್ಲ. ಸಿಡ್ನಿಯಲ್ಲಿ ಸಲೀಸಾಗಿ ದಾಟಿದ್ದ ಸಾಲು ಇಲ್ಲಿ ನಡುವೆ ಕಡಿಯಿತು. ಒಮ್ಮೆಯಲ್ಲ, ಎರಡು ಸಲ. ಕಡಿದಾಗಲೆಲ್ಲ ಅವಳ ಕಣ್ಣು ಆ ಕುರ್ಚಿಯ ಕಡೆ ಹೋಗುತ್ತಿತ್ತು. ಅಪ್ಪ ಕಣ್ಣು ಮುಚ್ಚಿ ಕೇಳುತ್ತಿದ್ದ. ಪಕ್ಕದವರು ತನ್ನ ಕಡೆ ನೋಡಿದರೆಂದು ಗೊತ್ತಾದ ಕೂಡಲೇ ಕರವಸ್ತ್ರ ತೆಗೆದು ಬಾಯಿಗೆ ಹಿಡಿಯುತ್ತಿದ್ದ.

ಮುಗಿದ ಮೇಲೆ ಚರ್ಚಿನ ಪಕ್ಕದ ಕೋಣೆಯಲ್ಲಿ ಚಹಾ, ಕೇಕು. ವಿನೋದಾ ಹೆಲೆನ್‌ಳನ್ನು ಒಂದು ಮೂಲೆಗೆ ಕರೆದಳು. ಹೇಳಿಬಿಡೋಣ, ಈಗಲೇ ಹೇಳಿಬಿಡೋಣ ಎಂದು ಗಟ್ಟಿ ಮನಸ್ಸು ಮಾಡಿದ್ದಳು. ನನ್ನ ಅಪ್ಪ ಲೀಡ್ ಪ್ಲೇಯರ್ ಆಗಿರಲಿಲ್ಲ, ಶ್ರುತಿ ಹಿಡಿಯುವವರಾಗಿದ್ದರು, ಅವರು ಮೈಕಿನಲ್ಲಿ ಹೇಳಿದ್ದೂ ಅದನ್ನೇ ಎಂದಳು. ಹೆಲೆನ್ ಅವಳ ಎರಡೂ ಕೈ ಹಿಡಿದುಕೊಂಡು ಕಣ್ಣಲ್ಲಿ ನೀರು ತುಂಬಿಕೊಂಡಳು. "ಎಂಥ ನಿಗರ್ವಿ ಮನುಷ್ಯ! ದೊಡ್ಡ ಕಲಾವಿದರೆಲ್ಲ ಹಾಗೆಯೇ ಹೇಳಿಕೊಳ್ಳುವುದು" ಎಂದು ಅಪ್ಪಿಕೊಂಡಳು. ಸುಳ್ಳು ಹೇಳಿದಾಗ ಒಂದೇ ಸಲಕ್ಕೆ ನಂಬಿದವಳು ನಿಜ ಹೇಳಿದರೆ ನಂಬಲೊಲ್ಲಳು. ಇನ್ನೊಮ್ಮೆ ಹೇಳಲು ವಿನೋದಾಳಿಗೆ ಧೈರ್ಯ ಉಳಿಯಲಿಲ್ಲ.

ಹೊರಡುವಾಗ ಬಾಗಿಲ ಬಳಿ ಬೂದು ಕೋಟಿನ ಹಿರಿಯರೊಬ್ಬರು ದಾರಿಗಡ್ಡ ನಿಂತು ನಮಸ್ಕಾರ ಮಾಡಿದರು. ಮೂರ್ತಿ ಎಂದು ಹೆಸರು, ಮೈಸೂರಿನವರಂತೆ, ಮಗನ ಮನೆಗೆ ಬಂದು ಇಲ್ಲೇ ನಿಂತವರು. ಮೈಸೂರು ಎಂದರೆ ಅಪ್ಪನ ಕನ್ನಡ ಅರ್ಥವಾಗಿಯೇ ಇರುತ್ತದೆ.

"ನಿಮ್ ತಂದೆಯವರು ತುಂಬಾ ಚೆನ್ನಾಗಿ ಮಾತಾಡಿದ್ರಮ್ಮಾ" ಎಂದರು ಅವರು, ಮೆಲ್ಲಗೆ. "ಇಂಗ್ಲಿಷ್‌ನಲ್ಲಿ ಅಷ್ಟೊಂದು ಬರ್ಲಿಲ್ಲ."

ಅಷ್ಟು ಹೇಳಿ ಕೊಡೆ ಬಿಚ್ಚಿಕೊಂಡು ಹೋದರು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ರಿತೇಶ್ ಕಾರು ಓಡಿಸುತ್ತಿದ್ದ. ಸಾನ್ವಿ ಹಿಂದಿನ ಸೀಟಿನಲ್ಲಿ ಅಜ್ಜನ ತೋಳಿಗೆ ಒರಗಿ, ಅಜ್ಜನನ್ನು ಡಾಕ್ಟರ ಹತ್ತಿರ ಯಾವಾಗ ಕರೆದುಕೊಂಡು ಹೋಗುವುದೆಂದು ಇಂಗ್ಲಿಷಿನಲ್ಲಿ ಕೇಳುತ್ತಲೇ ಇದ್ದಳು. ಅತ್ತೆ ಮೈಕಿನಲ್ಲಿ ಹೇಳಿದ್ದಾಳೆಂದ ಮೇಲೆ ಮುಗಿಯಿತು. ಕ್ಲೇಟನ್ನಿನ ಇಂಡಿಯನ್ ಅಂಗಡಿಯ ಮುಂದೆ ರಿತೇಶ್ ನಿಲ್ಲಿಸಿದ. ಹಾಲು, ಕೊತ್ತಂಬರಿ ತರಲು ಇಳಿದವನ ಹಿಂದೆ ಸಾನ್ವಿಯೂ ಇಳಿದಳು. ಕಾರಿನಲ್ಲಿ ಅಪ್ಪ ಮಗಳು ಇಬ್ಬರೇ ಉಳಿದರು. ಅಪ್ಪ ಕಿಟಕಿಯ ಕಡೆ ನೋಡಿ ಮತ್ತೊಮ್ಮೆ ಕೆಮ್ಮಿದ.

"ಸಾಕು ಅಪ್ಪ. ಇಲ್ಲಿ ಯಾರೂ ಇಲ್ಲ."

"ನಿಮ್ಮ ಸಂಗೀತದವರದ್ದು ಯಾರದ್ದಾದ್ರೂ ಕಾರು ಹಿಂದೆ ಇದ್ರೆ?"

ವಿನೋದಾಳಿಗೆ ಅಳು ಬಂತು. ಮುಂದಿನ ಸೀಟಿನಿಂದ ಹಿಂದೆ ತಿರುಗಲು ಧೈರ್ಯ ಸಾಲದೆ, ಗಾಜಿಗೆ ಹೇಳಿದಂತೆ ಹೇಳಿದಳು. "ನನ್ನದು ತಪ್ಪಾಯ್ತು ಅಪ್ಪ. ನಿಮ್ಮನ್ನು ಇದ್ದ ಹಾಗೆ ಹೇಳ್ಲಿಕ್ಕೆ ನನಗೆ ನಾಚಿಕೆ ಆಯ್ತು. ಸಣ್ಣವಳಿರುವಾಗಿಂದ ನಾಚಿಕೆಯೇ. ಈಗಲೂ ಹೋಗ್ಲಿಲ್ಲ."

"ಗೊತ್ತುಂಟು ಮಗಾ" ಎಂದ ಅಪ್ಪ. ಅವಳಿಗೆ ಅದು ಗೊತ್ತಿರಲಿಲ್ಲ, ಅವನಿಗೆ ಗೊತ್ತಿದೆಯೆಂಬುದು. "ಅದಕ್ಕೆ ಯಾಕೆ ಅಳುವುದು? ಮುಂದೆ ನಿಂತವ ಎಲ್ಲಿಗಾದ್ರೂ ಜಾರಿದ ಅಂತ ಒತ್ತಿನವ ಬಿಟ್ಟು ಹೋಗ್ಲಿಕ್ಕೆ ಉಂಟಾ? ಸಂಜೀವಣ್ಣ ಎಷ್ಟು ಸಲ ಜಾರಿದ್ದಾರೆ. ನಾನು ಹಿಡ್ಕೊಂಡೇ ಇದ್ದೆ. ಯಾರಿಗೂ ಗೊತ್ತಾಗ್ಲಿಲ್ಲ."

ಅಂಗಡಿಯ ಬಾಗಿಲು ತೆರೆದು ಮುಚ್ಚುತ್ತಿತ್ತು. ಯಾರೋ ಅಕ್ಕಿಮೂಟೆ ಹೊತ್ತು ಹೋದರು. ಅಪ್ಪ ಪಂಚೆಯ ಅಂಚನ್ನು ಮಂಡಿಯ ಮೇಲೆ ನೇರ ಮಾಡಿಕೊಂಡ.

"ಒಂದೇ ಒಂದು ಮಾತು" ಎಂದ, ಮನೆಗೆ ಏನು ಸಾಮಾನು ತರಬೇಕೆಂದು ಹೇಳುವ ದನಿಯಲ್ಲಿ. "ಆಗುವುದಿಲ್ಲ ಅಂತ ಹೇಳ್ಲಿಕ್ಕೆ ಬೇರೆ ಎಷ್ಟೋ ಇತ್ತು. ಹಲ್ಲಿಲ್ಲ ಅಂತ ಹೇಳಬಹುದಿತ್ತು. ಹಲ್ಲು ಹೇಗೂ ಇಲ್ಲ, ಎಲ್ಲ ಕಟ್ಟಿಸಿದ್ದು. ಬೆರಳು ನೋಯ್ತದೆ ಅಂತ ಹೇಳಬಹುದಿತ್ತು. ನೀನು ಉಸಿರಿಲ್ಲ ಅಂದುಬಿಟ್ಟೆ."

ಅಷ್ಟರಲ್ಲಿ ಹಿಂದಿನ ಬಾಗಿಲು ತೆರೆಯಿತು. ಸಾನ್ವಿ ಅಪ್ಪನನ್ನು ಕಾಡಿ ಕೊಡಿಸಿಕೊಂಡ ನೀರಿನ ಬಾಟಲಿಯ ಮುಚ್ಚಳ ಬಿಚ್ಚಿ, ಎರಡೂ ಕೈಯಲ್ಲಿ ಹಿಡಿದುಕೊಂಡು ಬಂದಿದ್ದಳು.

"ಫಾರ್ ಯುವರ್ ಬ್ರೆತ್, ಅಜ್ಜ."

ಅಜ್ಜ ಮೊಮ್ಮಗಳ ಮುಖ ನೋಡಿದ, ಒಮ್ಮೆ ಮಗಳ ತಲೆಯ ಹಿಂಭಾಗ ನೋಡಿದ. ಎದೆ ಹಿಡಿದುಕೊಂಡು ಎರಡು ಸಲ ಕೆಮ್ಮಿ, ಬಾಟಲಿ ತೆಗೆದುಕೊಂಡು ನೀರು ಕುಡಿದ.